ಅಪಾಯದ ಮರಗಳನ್ನು ಮಳೆಗಾಲಕ್ಕೆ ಮೊದಲು, ಪತ್ತನಾಜೆಯೊಳಗೆ ತೆರವುಗೊಳಿಸಿ

ಮಾನ್ಯ ಸಂಪಾದಕರೇ,

ನಮ್ಮೂರಿನ ಬಸ್ ತಂಗುದಾಣದ ಹಿಂದೆ ಒಂದು ಕಾಟುಮಾವಿನ (ಕಾಡುಮಾವಿನ) ಮರವಿದೆ. ಚರಂಡಿ ತೋಡುವಾಗ ರಸ್ತೆಯ ಬದಿಯ ಬೇರುಗಳನ್ನೆಲ್ಲ ಜೆಸಿಬಿ ಕತ್ತರಿಸಿ ಹಾಕಿದ ಮೇಲೆ ಅದು ತುದಿಯಿಂದ ಒಣಗುತ್ತ ಬಂದು, ಈಗ ಮೂರು ವರ್ಷಗಳಿಂದ ಒಂದು ಚಿಗುರನ್ನೂ ಬಿಡದೆ ನಿಂತಿದೆ. ಬುಡದಲ್ಲಿ ಅಂಗೈಯಗಲದ ಅಣಬೆಗಳೆದ್ದಿವೆ; ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಇದನ್ನು ಕಡಿಸಿಕೊಡಿ ಎಂದು ಊರವರು ಕೊಟ್ಟ ಮನವಿಗೆ ಒಂದು ಕಚೇರಿಯವರು ರಸ್ತೆ ತಮ್ಮದಲ್ಲವೆಂದರು, ಮತ್ತೊಂದು ಕಚೇರಿಯವರು ಮರದ ಬೆಲೆ ನಿಗದಿಯಾಗಬೇಕೆಂದರು. ಬೆಲೆ ನಿಗದಿಯಾಗುವಾಗ ಒಂದು ಮಳೆಗಾಲ ಕಳೆದಿತ್ತು. ಆಮೇಲೆ ಹರಾಜು ಕರೆದರೆ, ಗೆದ್ದಲು ತಿಂದ ಮರಕ್ಕೆ ನಾಟಾದ ಬೆಲೆ ಕೊಡಲು ಯಾರೂ ಮುಂದೆ ಬರಲಿಲ್ಲ. ಮನವಿಯ ಕಡತ ಈಗ ಎಲ್ಲಿದೆಯೆಂದು ನಮಗೆ ಹೇಳುವವರಿಲ್ಲ.

ಇದು ಒಂದೇ ಮರದ ಕಥೆಯಾಗಿದ್ದರೆ ಪತ್ರಿಕೆಯ ಜಾಗವನ್ನು ನಾನು ಕೇಳುತ್ತಿರಲಿಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಯಾವ ರಸ್ತೆಯಲ್ಲಿ ಹೋದರೂ ಹೀಗೆ ನಿಂತ ಮರಗಳು ಕಣ್ಣಿಗೆ ಬೀಳುತ್ತವೆ. ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ನೆಟ್ಟ ಅಕೇಶಿಯಾ ಮರಗಳಿಗೆ ವಯಸ್ಸಾಗಿದೆ. ತೆಳುವಾದ ಮಣ್ಣಿನಡಿಯ ಮುರಕಲ್ಲಿನಲ್ಲಿ (ಜಂಬಿಟ್ಟಿಗೆಯಲ್ಲಿ) ಅವುಗಳ ಬೇರು ಆಳಕ್ಕೆ ಇಳಿಯುವುದಿಲ್ಲ. ಹಳೆಯ ಮಾವು, ಹಲಸು, ಧೂಪದ ಮರಗಳ ಸ್ಥಿತಿ ಬೇರೆ. ಅವು ತಾವಾಗಿ ಸಾಯುತ್ತಿಲ್ಲ, ನಾವೇ ಸಾಯಿಸುತ್ತಿದ್ದೇವೆ. ನೀರಿನ ಪೈಪಿಗೆ, ಕೇಬಲಿಗೆ, ರಸ್ತೆ ಅಗಲೀಕರಣಕ್ಕೆ ಬೇರು ಕಡಿಯುತ್ತೇವೆ, ಕಾಂಡದವರೆಗೂ ಕಾಂಕ್ರೀಟು ಹಾಕುತ್ತೇವೆ, ಬುಡದಲ್ಲಿ ಕಸ ಸುಡುತ್ತೇವೆ. ಬೇರಿಲ್ಲದ ಮರಕ್ಕೆ ಬೀಳಲು ಬಿರುಗಾಳಿಯೇ ಬೇಕೆಂದಿಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ, ಅದರ ಬಹುಪಾಲನ್ನು ನಾಲ್ಕೇ ತಿಂಗಳಲ್ಲಿ ಕಾಣುವ ನಮ್ಮ ನೆಲದಲ್ಲಿ ಮಣ್ಣು ನೆನೆದು ಸಡಿಲವಾದರೆ ಸಾಕು. 2023ರ ಜುಲೈ ಮೊದಲ ವಾರದಲ್ಲಿ ಅಂಗಡಿಮೊಗರಿನಲ್ಲಿ ಶಾಲೆ ಬಿಡುವ ಹೊತ್ತಿಗೆ ಮರ ಉರುಳಿ ಪುಟ್ಟ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡದ್ದನ್ನು ಈ ಭಾಗದ ಯಾವ ತಂದೆ ತಾಯಿಯೂ ಮರೆತಿರಲಾರರು.

ಕಾನೂನಿನಲ್ಲಿ ದಾರಿಯಿಲ್ಲವೆಂದು ಹೇಳುವಂತಿಲ್ಲ. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ 238ನೇ ಸೆಕ್ಷನ್ ಈ ವಿಷಯಕ್ಕೆಂದೇ ಇದೆ. ಮರವಾಗಲಿ, ಕೊಂಬೆಯಾಗಲಿ, ಮರದ ಕಾಯಿಯಾಗಲಿ ಬಿದ್ದು ಜನರಿಗೆ ಅಥವಾ ಕಟ್ಟಡಕ್ಕೆ ಅಪಾಯವಾಗುವಂತಿದ್ದರೆ ಅದನ್ನು ಕಡಿಯಲು ಅಥವಾ ಭದ್ರಪಡಿಸಲು ಮಾಲೀಕರಿಗೆ ನೋಟಿಸು ಕೊಡುವ ಅಧಿಕಾರ ಗ್ರಾಮ ಪಂಚಾಯತಿಗಿದೆ. ತಕ್ಷಣವೇ ಕ್ರಮ ಬೇಕಾದ ಸಂದರ್ಭದಲ್ಲಿ ನೋಟಿಸಿನ ಅವಧಿಗೆ ಕಾಯದೆ ಮೊದಲು ಕಡಿಸಿ, ವೆಚ್ಚವನ್ನು ಆಮೇಲೆ ಮಾಲೀಕರಿಂದ ವಸೂಲು ಮಾಡಲೂ ಅವಕಾಶವಿದೆ. ಸರ್ಕಾರಿ ಜಾಗದ ಮರಗಳ ವಿಷಯದಲ್ಲಿ 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ರಚನೆಯಾದ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಹಾಗಿದ್ದೂ ಟೊಳ್ಳಾದ ಮರವೊಂದು ತನ್ನ ಬೆಲೆ ಎಷ್ಟೆಂಬ ತೀರ್ಮಾನಕ್ಕೆ ಕಾಯುತ್ತ ರಸ್ತೆಯ ಮೇಲೆ ಬಾಗಿ ನಿಲ್ಲಬೇಕೇ? ಸತ್ತ ಮರವನ್ನು ಮೊದಲು ನೆಲಕ್ಕಿಳಿಸಿ, ದಿಮ್ಮಿಗಳನ್ನು ಅಳೆದು ಒಂದೆಡೆ ರಾಶಿ ಹಾಕಿ, ಹರಾಜನ್ನು ಆಮೇಲೆ ನಡೆಸಿದರೆ ಸರ್ಕಾರದ ಬೊಕ್ಕಸಕ್ಕೆ ಯಾವ ನಷ್ಟವೂ ಇಲ್ಲ.

ನನ್ನ ಮುಖ್ಯ ವಿನಂತಿ ಕಾಲದ ಬಗ್ಗೆ. ಖಾಸಗಿ ಜಾಗದ ಅಪಾಯಕಾರಿ ಮರಗಳನ್ನು ಮಾಲೀಕರೇ ಕಡಿಯಬೇಕು, ತಪ್ಪಿದರೆ ನಷ್ಟಕ್ಕೆ ಅವರೇ ಹೊಣೆ ಎಂಬ ಪ್ರಕಟಣೆ ಪ್ರತಿ ವರ್ಷ ಮಳೆಗಾಲ ಬಾಗಿಲಿಗೆ ಬಂದ ಮೇಲೆ ಹೊರಡುತ್ತದೆ. ಆ ಹೊತ್ತಿಗೆ ಮರ ಕಡಿಯುವವರು ಕೈಗೆ ಸಿಗುವುದಿಲ್ಲ, ಸಿಕ್ಕಿದರೂ ಒದ್ದೆ ಮರವನ್ನು ಹತ್ತುವುದು ಅವರ ಜೀವಕ್ಕೇ ಅಪಾಯ. ನಮ್ಮ ಹಿರಿಯರು ಹೊರಗಿನ ಕೆಲಸಗಳಿಗೆಲ್ಲ ಪತ್ತನಾಜೆಯನ್ನು, ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನವನ್ನು, ಗಡುವಾಗಿ ಇಟ್ಟುಕೊಂಡಿದ್ದರು. ಭೂತಾರಾಧನೆಯ ಕೋಲ, ನೇಮ, ಯಕ್ಷಗಾನದ ಆಟ ಎಲ್ಲವೂ ಆ ದಿನಕ್ಕೆ ಮುಗಿಯಬೇಕು. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ, ಎಂದರೆ ಸರಿಸುಮಾರು ಪತ್ತನಾಜೆಯ ದಿನಕ್ಕೇ ಬಂದಿತು. ಆದ್ದರಿಂದ ದೀಪಾವಳಿ ಕಳೆದ ಕೂಡಲೇ ತಪಾಸಣೆ ಆರಂಭಿಸಿ, ಜನವರಿಯೊಳಗೆ ಪಟ್ಟಿಯನ್ನು ಪಂಚಾಯತ್ ಕಚೇರಿಯ ಫಲಕದಲ್ಲಿ ಪ್ರಕಟಿಸಿ, ಕಡಿಯುವ ಕೆಲಸವನ್ನು ಪತ್ತನಾಜೆಗೆ ಮೊದಲೇ ಮುಗಿಸುವಂತಾಗಬೇಕು. ಪಟ್ಟಿಯಲ್ಲಿ ಪ್ರತಿ ಮರದ ಎದುರು ಅದು ಪಂಚಾಯತಿನದೋ, ಲೋಕೋಪಯೋಗಿಯದೋ, ಅರಣ್ಯದ್ದೋ, ಖಾಸಗಿಯವರದೋ ಎಂದು ಬರೆದಿದ್ದರೆ ಮನವಿ ಹಿಡಿದು ಅಲೆಯುವುದು ಅಷ್ಟರಮಟ್ಟಿಗೆ ತಪ್ಪೀತು.

ತಪಾಸಣೆಗೆ ಹೊಸ ಸಿಬ್ಬಂದಿಯ ನೇಮಕವೇನೂ ಬೇಕಾಗಿಲ್ಲ. ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಮಹಿಳೆಯರು ತಿಂಗಳಿಗೊಮ್ಮೆ ಮನೆಮನೆಗೆ ನಡೆದು ಹೋಗುತ್ತಾರೆ. ಯಾವ ದಾರಿಯಲ್ಲಿ ಯಾವ ಮರ ವಾಲಿದೆಯೆಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಅವರಿಂದ ಮಾಹಿತಿ ಪಡೆದು, ಅದಕ್ಕೆ ತಕ್ಕ ಭತ್ಯೆಯನ್ನೂ ಕೊಟ್ಟು, ಕಡಿಯಬೇಕೋ ಬೇಡವೋ ಎಂಬ ತೀರ್ಮಾನವನ್ನು ಮರಗಳ ವಿಷಯ ತಿಳಿದವರಿಗೆ ಬಿಡಬೇಕು. ಈ ಕೊನೆಯ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅಪಾಯದ ಹೆಸರಿನಲ್ಲಿ ಗಟ್ಟಿಮುಟ್ಟಾದ ಮರಗಳು ಮಾಯವಾಗುವುದನ್ನೂ ನಾನು ಕಂಡಿದ್ದೇನೆ. ಬೇಸಗೆಯಲ್ಲಿ ಎಲೆ ಉದುರಿಸಿದ ಮರವೆಲ್ಲ ಸತ್ತ ಮರವಲ್ಲ. ಎಳೆಯ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಆ ಕೊಂಬೆಗೆ ಜೀವವಿದೆ. ಬುಡದ ಅಣಬೆ, ವಾಲಿದ ಕಡೆಗೆ ವಿರುದ್ಧ ದಿಕ್ಕಿನಲ್ಲಿ ಬಿರಿದು ಮೇಲೆದ್ದ ಮಣ್ಣು, ಕಾಂಡದ ಆಳವಾದ ಪೊಟರೆ, ಇಂಥ ಲಕ್ಷಣಗಳನ್ನು ಒಟ್ಟಿಗೆ ನೋಡಿಯೇ ನಿರ್ಧರಿಸಬೇಕು. ಎಷ್ಟೋ ಕಡೆ ಭಾರದ ಕೊಂಬೆಗಳನ್ನು ಸವರಿದರೆ ಮರವೂ ಉಳಿಯುತ್ತದೆ, ದಾರಿಹೋಕರೂ ಉಳಿಯುತ್ತಾರೆ.

ಖಾಸಗಿ ಜಾಗದ ಮಾಲೀಕರ ಕಷ್ಟವನ್ನೂ ಗಮನಿಸಬೇಕು. ಐದು ಸೆಂಟ್ಸ್ ಜಾಗದಲ್ಲಿ ಒಬ್ಬರೇ ಇರುವ ವೃದ್ಧೆಗೆ ಕ್ರೇನು ತರಿಸಿ, ವಿದ್ಯುತ್ ಲೈನು ಆಫ್ ಮಾಡಿಸಿ ಮರ ಇಳಿಸುವ ಶಕ್ತಿ ಎಲ್ಲಿಂದ ಬರಬೇಕು? ಅಂಥವರ ಮರವನ್ನು ಪಂಚಾಯತ್ ತನ್ನ ಖರ್ಚಿನಲ್ಲೇ ತೆಗೆಸಬೇಕು. ಜತೆಗೆ, ನೋಟಿಸು ಮಲಯಾಳದಲ್ಲಿ ಮಾತ್ರ ಬಂದರೆ ಕನ್ನಡವನ್ನಷ್ಟೇ ಓದಬಲ್ಲ ಹಿರಿಯರು ಅದನ್ನು ಮಡಚಿ ಪೆಟ್ಟಿಗೆಯಲ್ಲಿಡುತ್ತಾರೆ, ಗಡುವು ಅವರಿಗೆ ತಿಳಿಯದೆಯೇ ದಾಟಿಹೋಗುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ನಮಗೆ ಕೊಟ್ಟಿದೆ. ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆಯಾದರೂ ನಮ್ಮ ಭಾಷೆಯಲ್ಲಿ ಬರಲಿ.

ಈ ವರ್ಷ ಎಲ್ಲ ಮರಗಳ ತಪಾಸಣೆ ಸಾಧ್ಯವಾಗದಿದ್ದರೆ ಶಾಲೆ, ಅಂಗನವಾಡಿ ಮತ್ತು ಬಸ್ ತಂಗುದಾಣಗಳ ಸುತ್ತಲಿನ ಮರಗಳಿಂದ ಆರಂಭಿಸಬಹುದು. ನಮ್ಮೂರಿನ ಆ ಕಾಟುಮಾವಿನಡಿ ಬೆಳಿಗ್ಗೆ ಎಂಟೂವರೆಗೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಬಸ್ಸಿಗಾಗಿ ನಿಂತಿರುತ್ತಾರೆ. ಯಾವ ಕಚೇರಿಯವರು ಯಾವ ದಿನ ಬಂದರೂ ಜತೆಗೆ ಬಂದು ಮರ ತೋರಿಸಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕ
ಕಾಸರಗೋಡು ತಾಲೂಕು