ಮೂವತ್ತೆರಡು ಮಂದಿ ವಿದ್ವಾಂಸರಿಗೂ ನಮ್ಮವರಿಗೂ ಕೃತಜ್ಞತೆ

ಆಧುನಿಕ ಇಂಗ್ಲಿಷಿಗೆ ಬೈಬಲನ್ನು ತಂದ ಅನುವಾದ ಸಮಿತಿಗಳು ಕೆಲಸ ಮಾಡಿದ ಬಗೆಯನ್ನು ಕುರಿತ ನನ್ನ ಪಿಎಚ್.ಡಿ. ಮಹಾಪ್ರಬಂಧದ ಮೌಖಿಕ ಪರೀಕ್ಷೆ ಕಳೆದ ತಿಂಗಳು ಮುಗಿದು, ಪದವಿ ನೀಡಬಹುದೆಂಬ ಶಿಫಾರಸು ವಿಶ್ವವಿದ್ಯಾಲಯಕ್ಕೆ ಹೋಗಿದೆ. ಫೋನು ಮಾಡಿ, ಪತ್ರ ಬರೆದು, ಕೆಲವರು ಮನೆಗೇ ಬಂದು ಹಾರೈಸಿದ್ದೀರಿ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸಲು ಆಗಿಲ್ಲವಾದ್ದರಿಂದ ಈ ಬರಹವನ್ನೇ ಉತ್ತರವೆಂದು ಸ್ವೀಕರಿಸಬೇಕೆಂದು ವಿನಂತಿ. ಪ್ರಬಂಧದ ಮೊದಲ ಪುಟಗಳಲ್ಲಿ ಅಚ್ಚಾಗುವ ಕೃತಜ್ಞತೆಗೆ ಒಂದು ಸಿದ್ಧ ಮಾದರಿ ಇದೆ. ಅಲ್ಲಿ ಕುಲಪತಿಗಳಿಂದ ಹಿಡಿದು ಡಿ.ಟಿ.ಪಿ. ಮಾಡಿದವರವರೆಗೆ ಸಾಲಾಗಿ ನೆನೆಯಬೇಕು. ಆ ಸಾಲಿನಲ್ಲಿ ಜಾಗ ಸಿಗದ ಋಣವೊಂದು ನನ್ನ ಮೇಲಿದೆ. ಅದು ನಾನು ಎಂದೂ ಕಂಡಿರದ, ಬಹುಪಾಲು ತೀರಿಕೊಂಡಿರುವ, ಅಮೆರಿಕದ ಕೆಲವು ಪ್ರಾಧ್ಯಾಪಕರ ಋಣ.

1901ರ ಅಮೆರಿಕನ್ ಸ್ಟ್ಯಾಂಡರ್ಡ್ ವರ್ಷನ್ ಎಂಬ ಇಂಗ್ಲಿಷ್ ಬೈಬಲ್ ಮೂಲಕ್ಕೆ ನಿಷ್ಠವಾಗಿತ್ತು, ಆದರೆ ಓದಿಗೆ ಒರಟಾಗಿತ್ತು. ಅದರ ಪರಿಷ್ಕರಣೆಗೆ 1937ರಲ್ಲಿ ಅಧಿಕೃತ ಒಪ್ಪಿಗೆ ಸಿಕ್ಕಿತು. ಯೇಲ್ ವಿಶ್ವವಿದ್ಯಾಲಯದ ದೈವಶಾಸ್ತ್ರ ವಿಭಾಗದ ಡೀನ್ ಲೂಥರ್ ವೈಗಲ್ ಅವರ ಅಧ್ಯಕ್ಷತೆಯಲ್ಲಿ ಒಟ್ಟು 32 ವಿದ್ವಾಂಸರು ಆ ಕೆಲಸಕ್ಕೆ ದುಡಿದರು. (ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಕನ್ನಡ ಬೈಬಲಾದ ಸತ್ಯವೇದದ ಪರಿಷ್ಕರಣೆಯಲ್ಲಿ ತೊಡಗಿದ್ದ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ಅವರ ಅಡ್ಡಹೆಸರೂ ವೈಗಲ್ ಎಂದೇ, ನನ್ನ ಟಿಪ್ಪಣಿ ಚೀಟಿಗಳಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತು ಸಾಕಷ್ಟು ಕಾಡಿದ್ದಾರೆ.) ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ 1946ರಲ್ಲಿ ಹೊರಬಂತು, ಇಡೀ ಗ್ರಂಥ 1952ರ ಸೆಪ್ಟೆಂಬರ್ 30ರಂದು ಬಿಡುಗಡೆಯಾಯಿತು. ಅದೇ ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್.

ಈ ವಿದ್ವಾಂಸರು ತಮಗೆ ತಾವೇ ಹಾಕಿಕೊಂಡ ಕಟ್ಟಳೆಯೇ ನನ್ನ ಪ್ರಬಂಧದ ಬೆನ್ನೆಲುಬು. ಹಳೆಯ ಪಾಠದಲ್ಲಿ, ಅಂದರೆ 1901ರ ಅನುವಾದದ ಮಾತುಗಳಲ್ಲಿ, ಏನನ್ನು ಬದಲಿಸಬೇಕಿದ್ದರೂ ಸಭೆಗೆ ಬಂದವರ ಬಹುಮತ ಸಾಲದು, ಸಮಿತಿಯ ಒಟ್ಟು ಸದಸ್ಯರಲ್ಲಿ ಮೂರನೆಯ ಎರಡು ಭಾಗದಷ್ಟು ಮಂದಿ ಒಪ್ಪಬೇಕು. ಹಳೆಯ ಒಡಂಬಡಿಕೆಯ ವಿಭಾಗದವರು ಮಾಡಿದ್ದನ್ನು ಹೊಸ ಒಡಂಬಡಿಕೆಯ ವಿಭಾಗದವರು ಪರಿಶೀಲಿಸಬೇಕು, ಇವರದನ್ನು ಅವರು ನೋಡಬೇಕು. ಇದರ ಮೇಲೆ ವಿವಿಧ ಕ್ರೈಸ್ತ ಸಭೆಗಳ 50 ಪ್ರತಿನಿಧಿಗಳ ಸಲಹಾ ಮಂಡಳಿ ಬೇರೆ. ಹೀಬ್ರೂ ವಿದ್ವಾಂಸರಾದ ಹ್ಯಾರಿ ಓರ್ಲಿನ್‌ಸ್ಕಿ ಯೆಹೂದ್ಯರು. ಪ್ರೊಟೆಸ್ಟೆಂಟ್ ಸಭೆಗಳು ಕೈಗೊಂಡ ಅನುವಾದದ ಮೇಜಿನಲ್ಲಿ ಅವರಿಗೂ ಸಮಾನ ಕುರ್ಚಿಯಿತ್ತು. ತಂತಮ್ಮ ವಿಷಯದಲ್ಲಿ ಕೊನೆಯ ಮಾತು ತಮ್ಮದೇ ಎಂದು ತಿಳಿದಿದ್ದ ದೊಡ್ಡ ಪಂಡಿತರು ಹೀಗೆ ಒಂದು ವಾಕ್ಯಕ್ಕಾಗಿ ಕೈಯೆತ್ತಿ ಎಣಿಸಿಕೊಂಡು, ಸೋತರೆ ಒಪ್ಪಿಕೊಂಡು, ಮರುದಿನ ಬೆಳಿಗ್ಗೆ ಮುಂದಿನ ವಚನಕ್ಕೆ ಮತ್ತೆ ಬಂದು ಕೂರುತ್ತಿದ್ದರಲ್ಲ, ಅದಕ್ಕೆ ನನ್ನ ಮೊದಲ ನಮಸ್ಕಾರ.

ಎರಡನೆಯದು ಮಿಲ್ಲರ್ ಬರೋಸ್ ಅವರಿಗೆ. ಮೃತ ಸಮುದ್ರದ ಸುರುಳಿಗಳು (ಆ ಸಮುದ್ರದ ಬಳಿಯ ಗವಿಗಳಲ್ಲಿ ಸಿಕ್ಕ ಪ್ರಾಚೀನ ಹಸ್ತಪ್ರತಿಗಳು) ಬೆಳಕಿಗೆ ಬಂದಾಗ ಜೆರೂಸಲೇಮಿನಲ್ಲಿದ್ದ ಅಮೆರಿಕನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದವರು ಇವರೇ, ಅನುವಾದ ಸಮಿತಿಯ ಸದಸ್ಯರೂ ಇವರೇ. ಯೆಶಾಯನ ಗ್ರಂಥದ ಮಹಾಸುರುಳಿಯಿಂದ 13 ಕಡೆ ಹೊಸ ಪಾಠವನ್ನು ಸಮಿತಿ ಸ್ವೀಕರಿಸಿತು. ಸಾವಿರ ವರ್ಷ ಹೆಚ್ಚು ಹಳೆಯದಾದ ಹಸ್ತಪ್ರತಿ ಕೈಗೆ ಸಿಕ್ಕ ಉತ್ಸಾಹ ಎಂಥದೆಂದು ಊಹಿಸಬಹುದು. ಅದುವರೆಗೆ ಬಳಕೆಯಲ್ಲಿದ್ದ ಹೀಬ್ರೂ ಪ್ರತಿಗಳಿಗಿಂತ ಅದು ಸುಮಾರು ಅಷ್ಟು ಹಿಂದಿನದು. ಆದರೆ ಬಿಡುಗಡೆಯಾಗಿ ಸುಮಾರು ಮೂರು ವರ್ಷಗಳಲ್ಲಿ ಬರೋಸ್ ಅವರೇ, ಆ ಹದಿಮೂರರಲ್ಲಿ ಕೆಲವು ಕಡೆ ನಾವು ಮಾಡಿದ ತೀರ್ಮಾನ ಸರಿಯಲ್ಲ, ಹಳೆಯ ಪಾಠವೇ ಇರಬೇಕಿತ್ತು ಎಂದು ಅಚ್ಚಿನಲ್ಲಿ ಬರೆದರು. ಕೋಟ್ಯಂತರ ಜನ ಪವಿತ್ರವೆಂದು ಓದುವ ಪುಸ್ತಕದ ವಿಷಯದಲ್ಲಿ ಹೀಗೆ ಬರೆಯಲು ಎದೆಗಾರಿಕೆ ಬೇಕು. ನನ್ನ ಮೂರನೆಯ ಅಧ್ಯಾಯ ಹುಟ್ಟಿದ್ದು ಆ ಒಂದು ಪುಟದಿಂದ.

ಅದೇ 1952ರಲ್ಲಿ, ಈ ಸುರುಳಿಗಳು ಸಿಕ್ಕ ಕುಮ್ರಾನಿನಲ್ಲಿ ನಾಲ್ಕನೆಯ ಗವಿ ಪತ್ತೆಯಾಯಿತು. ಅಲ್ಲಿ ಸಿಕ್ಕ ಸಮುವೇಲನ ಗ್ರಂಥದ ಚೂರುಗಳ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮೌಖಿಕ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಹೋದದ್ದು ಇದರ ಮೇಲೆಯೇ. ಮೊದಲನೆಯ ಸಮುವೇಲ 11ನೆಯ ಅಧ್ಯಾಯ ಇದ್ದಕ್ಕಿದ್ದಂತೆ ಶುರುವಾಗುತ್ತದೆ. ಅಮ್ಮೋನಿಯರ ರಾಜ ನಾಹಾಷನು ಇಸ್ರಾಯೇಲ್ಯರ ಊರಾದ ಯಾಬೇಷ್ ಗಿಲ್ಯಾದಿಗೆ ಮುತ್ತಿಗೆ ಹಾಕುತ್ತಾನೆ. ಒಪ್ಪಂದಕ್ಕೆ ಬರುತ್ತೇವೆಂದು ಊರವರು ಕೇಳಿದರೆ, ನಿಮ್ಮೆಲ್ಲರ ಬಲಗಣ್ಣು ಕೀಳಿಸುವುದೇ ನನ್ನ ಷರತ್ತು ಎನ್ನುತ್ತಾನೆ. ಈ ಕ್ರೌರ್ಯ ಎಲ್ಲಿಂದ ಬಂತು, ಆ ಊರೇ ಏಕೆ ಎಂಬುದು ಓದುಗನಿಗೆ ತಿಳಿಯುವುದಿಲ್ಲ. ಕುಮ್ರಾನಿನ ಚೂರಿನಲ್ಲಿ ಅದಕ್ಕೆ ಮುಂಚೆ ನಾಲ್ಕು ವಾಕ್ಯಗಳಿಗಾಗುವಷ್ಟು ಪಾಠ ಇದೆ: ನಾಹಾಷನು ಇಸ್ರಾಯೇಲ್ಯರ ಕುಲಗಳಾದ ಗಾದ್ಯರನ್ನೂ ರೂಬೇನ್ಯರನ್ನೂ ಹಿಂಸಿಸಿ ಒಬ್ಬೊಬ್ಬರ ಬಲಗಣ್ಣನ್ನೂ ಕೀಳಿಸುತ್ತಿದ್ದನು, ತಪ್ಪಿಸಿಕೊಂಡ ಏಳು ಸಾವಿರ ಮಂದಿ ಯಾಬೇಷ್ ಗಿಲ್ಯಾದನ್ನು ಸೇರಿದ್ದರು. ಮೊದಲ ಶತಮಾನದ ಯೆಹೂದಿ ಇತಿಹಾಸಕಾರ ಜೋಸಿಫಸನ ಬರಹದಲ್ಲಿಯೂ ಇಂಥದೇ ವಿವರಣೆ ಇದೆ. ಹೀಗಿರುವಾಗ, ನಕಲು ಮಾಡುವ ಲಿಪಿಕಾರನ ಕಣ್ಣು ತಪ್ಪಿ ಈ ಭಾಗ ಹಿಂದೆಯೇ ಬಿಟ್ಟುಹೋಯಿತೆ, ಅಥವಾ ಯಾರೋ ವಿವರಣೆಗೆಂದು ಆಮೇಲೆ ಸೇರಿಸಿದರೆ? ವಿದ್ವಾಂಸರಲ್ಲಿ ಇಂದಿಗೂ ಎರಡೂ ಪಕ್ಷಗಳಿವೆ. 1952ರ ಅನುವಾದದ ಪರಿಷ್ಕರಣೆಯಾದ 1989ರ ನ್ಯೂ ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್ ಆ ನಾಲ್ಕು ವಾಕ್ಯಗಳನ್ನು ಹತ್ತನೆಯ ಅಧ್ಯಾಯದ ಕೊನೆಗೆ ಮೂಲ ಪಾಠದೊಳಗೇ ಅಚ್ಚು ಮಾಡಿತು, ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ ಇದು ಇಲ್ಲವೆಂದು ಅಡಿಟಿಪ್ಪಣಿಯನ್ನೂ ಕೊಟ್ಟಿತು. ಇನ್ನೊಂದು ಇಂಗ್ಲಿಷ್ ಅನುವಾದವಾದ ನ್ಯೂ ಇಂಟರ್‌ನ್ಯಾಷನಲ್ ವರ್ಷನ್ನಿನ ಸಮಿತಿ ಮೂಲ ಪಾಠದಲ್ಲಿ ಸೇರಿಸಲಿಲ್ಲ. ನನಗೆ ಮೊದಲನೆಯವರ ತೀರ್ಮಾನವೇ ಹೆಚ್ಚು ಒಪ್ಪಿಗೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಪ್ಪದವರೂ ನೋಡಿ ವಾದಿಸಲೆಂದು ಪುಟದ ಕೆಳಗೆ ಬಿಟ್ಟಿರುವ ಆ ಒಂದು ಸಾಲು ಒಪ್ಪಿಗೆಯಾಗುತ್ತದೆ.

ಇಂಥ ಸಾಲುಗಳಿಗೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಯೇಸು ಕನ್ನಿಕೆಯಲ್ಲಿ ಹುಟ್ಟುವ ಮುನ್ಸೂಚನೆಯೆಂದು ಕ್ರೈಸ್ತರು ಓದುವ ಯೆಶಾಯ 7:14ರಲ್ಲಿ 'ಕನ್ನಿಕೆ' ಎಂದು ವಾಡಿಕೆಯಾಗಿದ್ದಲ್ಲಿ 'ಯುವತಿ' ಎಂದು ಪಾಠದಲ್ಲಿಟ್ಟು, 'ಕನ್ನಿಕೆ' ಎಂಬುದನ್ನು ಅಡಿಟಿಪ್ಪಣಿಗೆ ಇಳಿಸಿದ್ದಕ್ಕೆ ಅಮೆರಿಕದಲ್ಲಿ ದೊಡ್ಡ ಗಲಾಟೆಯೆದ್ದಿತು. ಒಬ್ಬ ಪಾಸ್ಟರು ಹೊಸ ಬೈಬಲಿನ ಪ್ರತಿಯೊಂದನ್ನು ಎಲ್ಲರೆದುರು ಸುಟ್ಟು, ಬೂದಿಯನ್ನು ಲೋಹದ ಡಬ್ಬಿಯಲ್ಲಿ ತುಂಬಿ ವೈಗಲ್ ಅವರಿಗೆ ಕಳಿಸಿಕೊಟ್ಟರು. ಸಮಿತಿಯವರು ಆ ಡಬ್ಬಿಯನ್ನು ಎಸೆಯದೆ ತಮ್ಮ ದಾಖಲೆಗಳ ಜೊತೆಗೇ ಇಟ್ಟುಕೊಂಡರು. ಹಿಂದಿನ ಕಾಲದಲ್ಲಿ ಅನುವಾದಕರನ್ನೇ ಸುಡುತ್ತಿದ್ದರು, ಈಗ ಪುಸ್ತಕಕ್ಕೆ ಮುಗಿಯಿತಲ್ಲ ಎಂಬ ಅರ್ಥದ ಮಾತನ್ನು ಮುಂದೆ ಸಮಿತಿಯ ಅಧ್ಯಕ್ಷರಾದ ಬ್ರೂಸ್ ಮೆಟ್ಸ್‌ಗರ್ ಈ ಬಗ್ಗೆ ಆಡಿದ್ದುಂಟು. 1960ರಲ್ಲಿ ಅಮೆರಿಕದ ವಾಯುಪಡೆಯ ತರಬೇತಿ ಕೈಪಿಡಿಯೊಂದು ಈ ಅನುವಾದಕರಲ್ಲಿ ಕಮ್ಯುನಿಸ್ಟರ ನಂಟಿನವರಿದ್ದಾರೆಂದು ಬರೆದು, ಆಮೇಲೆ ಹಿಂತೆಗೆದುಕೊಳ್ಳಬೇಕಾಯಿತು.

ಮೆಟ್ಸ್‌ಗರ್ ಪ್ರಿನ್ಸ್‌ಟನ್ನಿನವರು, 1977ರಿಂದ ಸಮಿತಿಯನ್ನು ನಡೆಸಿದರು. ಅಷ್ಟು ಹೊತ್ತಿಗೆ ಮೇಜಿನ ಸುತ್ತ ಕ್ಯಾಥೊಲಿಕರು, ಆರ್ಥೊಡಾಕ್ಸ್ ಸಭೆಯವರು, ಫಿಲಿಸ್ ಬರ್ಡ್, ಕ್ಯಾಥರಿನ್ ಸೇಕನ್‌ಫೆಲ್ಡ್ ಅವರಂಥ ವಿದುಷಿಯರು ಬಂದಿದ್ದರು. 'ಸಾಧ್ಯವಿರುವಷ್ಟು ಮೂಲಕ್ಕೆ ಹತ್ತಿರ, ಅಗತ್ಯವಿರುವಷ್ಟು ಸ್ವತಂತ್ರ' ಎಂಬುದು ಅವರ ಸೂತ್ರ. ಬ್ರಿಟನ್ನಿನಲ್ಲಿ ಸಿ. ಎಚ್. ಡಾಡ್ ಅವರ ನಿರ್ದೇಶನದಲ್ಲಿ ಸಿದ್ಧವಾಗಿ 1970ರಲ್ಲಿ ಪೂರ್ಣಗೊಂಡ ನ್ಯೂ ಇಂಗ್ಲಿಷ್ ಬೈಬಲಿಗೆ ಭಾಷೆಯನ್ನು ಒಪ್ಪ ಮಾಡಲೆಂದೇ ಸಾಹಿತ್ಯದ ಪ್ರತ್ಯೇಕ ಮಂಡಳಿ ಇತ್ತು. ಇಷ್ಟಾಗಿಯೂ, ನನ್ನ ಕಿವಿಗೆ ಅದು ಮಂಡಳಿಯ ಭಾಷೆಯಾಗಿಯೇ ಕೇಳಿಸುತ್ತದೆ. ಈ ಅಭಿಪ್ರಾಯ ನನ್ನೊಬ್ಬನದೇ, ಪ್ರಬಂಧಕ್ಕೆ ಸಂಬಂಧವಿಲ್ಲ.

ಇನ್ನು ನಮ್ಮವರು.

ಗದಗ-ಬೆಟಗೇರಿಯ ನಮ್ಮ ಸಭೆಯಲ್ಲಿ ಹಿಂದೆ ಸೇವೆ ಸಲ್ಲಿಸಿ ನಿವೃತ್ತರಾದ ಅಯ್ಯನವರು, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಸಂಜೆ ಹೊತ್ತು ತಮ್ಮ ಪಡಸಾಲೆಯಲ್ಲಿ ಹೀಬ್ರೂ ಅಕ್ಷರ ತಿದ್ದಿಸಿದರು. ಬಲದಿಂದ ಎಡಕ್ಕೆ ಓದುವ ರೂಢಿ ಬರಲೆಂದು ಸಾಲಿನ ಎಡತುದಿಯನ್ನು ಅಂಚೆ ಕಾರ್ಡಿನಿಂದ ಮುಚ್ಚಿ, ಒಂದೊಂದೇ ಪದ ಸರಿದಂತೆ ಕಾರ್ಡನ್ನು ಹಿಂದೆ ಸರಿಸುತ್ತಿದ್ದರು. ಗುರುದಕ್ಷಿಣೆ ಎಂದು ಏನು ಕೊಟ್ಟರೂ ಮುಟ್ಟದ ಅವರಿಗೆ, ಅಯ್ಯನವರೇ, ಪ್ರಬಂಧದ ಮೊದಲ ಪ್ರತಿ ನಿಮ್ಮದು, ಇದನ್ನಾದರೂ ಬೇಡ ಅನ್ನಬೇಡಿ.

ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನ ಗ್ರಂಥಾಲಯದ ಸಿಬ್ಬಂದಿ, ಕೇಳಿದ ಪುಸ್ತಕದ ಜೊತೆಗೆ ಕೇಳಲು ತಿಳಿಯದ ಪುಸ್ತಕವನ್ನೂ ತಂದಿಡುತ್ತಿದ್ದರು. ಕೋವಿಡ್ ಕಾಲದಲ್ಲಿ ಎಲ್ಲ ಬಾಗಿಲೂ ಮುಚ್ಚಿದ್ದಾಗ, ಬರಬೇಕಾದ ಫೆಲೋಶಿಪ್ಪಿನ ಹಣ ಒಂದು ಕಚೇರಿಯ ಕಡತದಲ್ಲಿ ಸಿಕ್ಕಿಕೊಂಡು, ಇದನ್ನು ಇಲ್ಲಿಗೇ ಬಿಡೋಣವೆನ್ನುವ ಹಂತ ಬಂದಿತ್ತು. ಆಗ ನ್ಯೂಜೆರ್ಸಿಯಲ್ಲಿರುವ ಸೋದರಮಾವನ ಮಗಳು, ಅಲ್ಲಿ ಗ್ರಂಥಾಲಯ ತೆರೆದ ಕೂಡಲೇ ಹೋಗಿ ಸಮಿತಿಯ ಹಳೆಯ ವರದಿಗಳ ಪುಟಗಳನ್ನು ಮೊಬೈಲಿನಲ್ಲಿ ತೆಗೆದು, ಹೆಸರು ಹಾಕಿ, ಕ್ರಮವಾಗಿ ಜೋಡಿಸಿ ಕಳಿಸಿದಳು. ಬೈಬಲಿನ ವಿಷಯದಲ್ಲಿ ಅವಳಿಗೆ ಎಳ್ಳಷ್ಟೂ ಆಸಕ್ತಿಯಿಲ್ಲ ಎಂಬುದನ್ನು ನೆನೆದರೆ ಈ ಋಣ ಇನ್ನೂ ಭಾರವೆನಿಸುತ್ತದೆ. ಮನೆ ನಡೆಸಿದ್ದು ಹೆಂಡತಿಯ ಸಂಬಳ. ತನ್ನ ಹಳೆಯ ಸತ್ಯವೇದದಲ್ಲಿ ನಾಹಾಷನ ಕಥೆ ತೆಗೆದು, ಆ ನಾಲ್ಕು ಮಾತು ಇಲ್ಲಿಲ್ಲವೆಂದು ತಾನೇ ಕಂಡುಕೊಂಡು, 'ಹಂಗಾದ್ರ ನಮ್ಮವ್ರು ಯಾವಾಗ ಹಾಕ್ತಾರ?' ಎಂದು ಕೇಳಿದ ಅವ್ವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ.

ನನ್ನ ಮಾರ್ಗದರ್ಶಕರು ನಿವೃತ್ತರಾದ ಮೇಲೂ ಕರಡಿನ ಪ್ರತಿ ಪುಟವನ್ನು ಕೆಂಪು ಶಾಯಿಯಿಂದ ತುಂಬಿಸಿ ಕಳಿಸಿದರು. ಹೊರಗಿನಿಂದ ಬಂದ ಪರೀಕ್ಷಕರು ಸಮುವೇಲನ ಗ್ರಂಥದ ಬಗೆಗಿನ ನನ್ನ ವಾದವನ್ನು ಒಪ್ಪಲಿಲ್ಲ. ಆ ನಾಲ್ಕು ವಾಕ್ಯಗಳು ಆಮೇಲೆ ಸೇರಿದವೆಂಬುದೇ ಅವರ ನಿಲುವು. ಆದರೂ ವಾದವನ್ನು ತೆಗೆಯಲು ಹೇಳದೆ, ತಮ್ಮ ಆಕ್ಷೇಪಣೆಯನ್ನು ಅಲ್ಲಿಯೇ ದಾಖಲಿಸಿದರೆ ಸಾಕೆಂದರು. ಅದನ್ನು 112ನೆಯ ಪುಟದ ಅಡಿಟಿಪ್ಪಣಿಯಲ್ಲಿ ಅವರದೇ ಮಾತುಗಳಲ್ಲಿ ಸೇರಿಸಿದ್ದೇನೆ. ತಿದ್ದಿದ ಪ್ರತಿ ಬೈಂಡಿಂಗಿಗೆ ಹೋಗಿದೆ. ಬಂದ ಮೇಲೆ ಒಂದನ್ನು ಗ್ರಂಥಾಲಯಕ್ಕೂ ಒಂದನ್ನು ಬೆಟಗೇರಿಗೂ ತಲುಪಿಸುತ್ತೇನೆ.