ಫೋಟೋ ಸಣ್ಣದಾಗಿದೆ

ಮಂಗಳೂರು

ಪ್ರೀತಿಯ ಸದಾನಂದ,

ಜೂನ್ 26ರ ಮಾದಕ ವ್ಯಸನ ವಿರೋಧಿ ದಿನಕ್ಕೆ ಉಡುಪಿಯ ನಿನ್ನ ಕಾಲೇಜಿಗೆ ಬ್ಯಾನರ್ ಬೇಕೆಂದು ಬರೆದಿದ್ದೀಯಲ್ಲ, ಮಾಡಿಕೊಡುತ್ತೇನೆ. ಮೊದಲು ನನ್ನ ಹೊಟ್ಟೆಯುರಿ ಸ್ವಲ್ಪ ಕೇಳು.

ಹಂಪನಕಟ್ಟೆಯ ಈ ಅಂಗಡಿಯಲ್ಲಿ ಪ್ರತಿ ವರ್ಷ ಇದೇ ಬ್ಯಾನರ್ ಮುದ್ರಿಸುತ್ತೇನೆ. ಕಪ್ಪು ಹಿನ್ನೆಲೆ, ತಲೆಬುರುಡೆ, ಸಿರಿಂಜು, ರಕ್ತ ಸೋರುವ ಅಕ್ಷರಗಳು. ಮೇಲೆ ಗಣ್ಯರ ಮುಖಗಳ ಸಾಲು. ಕಳೆದ ವರ್ಷ ಒಂದು ಸರಕಾರಿ ಕಚೇರಿಯ ಕೆಲಸದಲ್ಲಿ 14446 ಎಂಬ ವ್ಯಸನಮುಕ್ತಿ ಸಹಾಯವಾಣಿ ಸಂಖ್ಯೆಯನ್ನು ನಾನಾಗಿಯೇ ಒಂದಡಿ ಎತ್ತರಕ್ಕೆ ಹಿಗ್ಗಿಸಿದೆ. ಕರಡು ವಾಪಸ್ ಬಂತು: 'ಫೋಟೋ ಸಣ್ಣದಾಗಿದೆ.' ಸಂಖ್ಯೆ ಕೊನೆಗೆ ತಳದಲ್ಲಿ, ಮುದ್ರಕನ ಹೆಸರಿನ ಪಕ್ಕ ಹೋಗಿ ಕುಳಿತಿತು. ಬಿಲ್ಲು ಮಾತ್ರ ಚದರ ಅಡಿ ಲೆಕ್ಕದಲ್ಲಿ ಪೂರ್ತಿ ಪಾವತಿಯಾಯಿತು, ಸುಳ್ಳು ಹೇಳಬಾರದು.

ಅದೇ ವಾರ ಜೆರಾಕ್ಸ್ ಮಾಡಿಸಲು ಬಂದ ಹುಡುಗನೊಬ್ಬ, ಶಾಯಿ ಒಣಗುತ್ತಿದ್ದ ಆ ಬ್ಯಾನರಿನ ಎದುರೇ ನಿಂತು, ದನಿ ತಗ್ಗಿಸಿ ಕೇಳಿದ: “ಅಣ್ಣಾ, ಬಿಡಿಸಲು ಡಾಕ್ಟರರ ಹತ್ತಿರ ಕರೆದುಕೊಂಡು ಹೋದರೆ ಪೊಲೀಸರು ಹಿಡಿಯುತ್ತಾರೆಯೇ?” ಯಾರನ್ನು ಎಂದು ನಾನು ಕೇಳಲಿಲ್ಲ. ಉತ್ತರ ನನಗೂ ಗೊತ್ತಿರಲಿಲ್ಲ. ಜೆರಾಕ್ಸ್ ಹಾಳೆಯ ಹಿಂದೆ ಸಂಖ್ಯೆ ಬರೆದುಕೊಟ್ಟೆ. ಆಮೇಲೆ ಪರಿಚಯದ ವಕೀಲರು ಹೇಳಿದರು: ಮಾದಕ ವಸ್ತುಗಳ ಕುರಿತಾದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ ಇದೆ. ವ್ಯಸನಿ ತಾನಾಗಿಯೇ ಸರಕಾರದ ಅಥವಾ ಸರಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ, ಸೇವನೆಗಾಗಿ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು, ಅಷ್ಟೆ. ಇದನ್ನು ಮುದ್ರಿಸಿ ಎಂದು ಇದುವರೆಗೆ ಒಬ್ಬರೂ ಹೇಳಿಲ್ಲ, ಮಾರಾಯ. ಕೈಕೋಳದ ಚಿತ್ರ ಹಾಕಿ ಎಂದವರು ಬೇಕಾದಷ್ಟು.

ಅಮೆರಿಕದ ಸರಕಾರ 1998ರಿಂದ 2004ರವರೆಗೆ ಇಂಥ ಜಾಹೀರಾತುಗಳಿಗೆ ನೂರು ಕೋಟಿ ಡಾಲರಿನಷ್ಟು ಸುರಿಯಿತು. ಅದೇ ಸರಕಾರ ಮಾಡಿಸಿದ ಅಧ್ಯಯನದಲ್ಲಿ, ಅವುಗಳಿಂದಾಗಿ ಮಕ್ಕಳು ಗಾಂಜಾದಿಂದ ದೂರ ಉಳಿದ ಕುರುಹು ಸಿಗಲಿಲ್ಲ. ಹೆಚ್ಚು ನೋಡಿದವರಿಗೆ ಓರಗೆಯವರೆಲ್ಲ ಸೇದುತ್ತಾರೇನೋ ಎನಿಸಿದಂತಿತ್ತು. ಅವರು ದುಡ್ಡು ಕಳೆದುಕೊಂಡರೂ ಲೆಕ್ಕ ನೋಡಿದರು. ನಮ್ಮ ಕಚೇರಿಯವರಿಗೆ ಬ್ಯಾನರ್ ಕಟ್ಟಿದ ಫೋಟೋ ವಾಟ್ಸ್‌ಆಪ್‌ಗೆ ಬಂದರೆ ಕೆಲಸ ಮುಗಿಯಿತು.

ಕಳೆದ ವರ್ಷದ್ದು ಈಗ ನಮ್ಮ ಹಿತ್ತಿಲಿನ ಕಟ್ಟಿಗೆ ರಾಶಿಯ ಮೇಲಿದೆ. ಮಳೆಗೆ ಚೆನ್ನಾಗಿ ತಡೆಯುತ್ತದೆ. ತಲೆಬುರುಡೆ ಕಾಣದ ಹಾಗೆ ಅಮ್ಮ ಮಗುಚಿ ಹಾಕಿದ್ದಾರೆ.

ನಿನ್ನ ಪ್ರಾಂಶುಪಾಲರನ್ನು ಒಪ್ಪಿಸು. ಬಿಳಿ ಹಿನ್ನೆಲೆ, ದೊಡ್ಡದಾಗಿ ಆ ಸಂಖ್ಯೆ, ಕೆಳಗೆ ಹುಡುಗನ ಪ್ರಶ್ನೆ, ಅದಕ್ಕೆ ಎರಡು ಸಾಲಿನ ಉತ್ತರ. ಫೋಟೋ ಬೇಕೇ ಬೇಕು ಎಂದರೆ ಮುದ್ರಕನ ಹೆಸರಿನ ಪಕ್ಕ ಜಾಗವಿದೆ.

ನಿನ್ನ,
ರಮೇಶ