ಎಲ್ಲದಕ್ಕೂ ‘ಅಣಕು’ ಸಲ್ಲದು

ಮಾನ್ಯರೇ,

ಇಂಗ್ಲಿಷಿನ ‘ಮಾಕ್’ ಪದ ಹಳೆಯ ಫ್ರೆಂಚಿನಿಂದ ಬಂದಾಗ ಗೇಲಿ ಮಾಡು ಎಂಬ ಅರ್ಥವನ್ನು ಹೊತ್ತಿತ್ತು. ತೋರಿಕೆಯ, ಅನುಕರಣೆಯ ಎಂಬ ಅರ್ಥ ಕೂಡಿಕೊಂಡದ್ದು ಆಮೇಲೆ. ನಮ್ಮ ಪತ್ರಿಕೆಗಳು ಎರಡಕ್ಕೂ ‘ಅಣಕು’ ಎಂದೇ ಬರೆಯುತ್ತಿರುವುದು ಸರಿಯಲ್ಲ. ಪ್ರತಿಭಟನಕಾರರ ಅಣಕು ಶವಯಾತ್ರೆಯಲ್ಲಿ ಲೇವಡಿಯ ಉದ್ದೇಶವೇ ಇರುವುದರಿಂದ ಅಲ್ಲಿ ಆ ಪದ ಚೆನ್ನಾಗಿ ಒಪ್ಪುತ್ತದೆ. ಆದರೆ ಮತದಾನ ಆರಂಭವಾಗುವ ಮುನ್ನ ಪಕ್ಷಗಳ ಏಜೆಂಟರ ಎದುರಿನಲ್ಲೇ ಕನಿಷ್ಠ 50 ಮತಗಳನ್ನು ಹಾಕಿ, ಎಣಿಸಿ, ವಿವಿಪ್ಯಾಟ್ (ಮತ ಖಾತ್ರಿ ಯಂತ್ರ) ಚೀಟಿಗಳೊಂದಿಗೆ ತಾಳೆ ನೋಡಿ, ಬಳಿಕ ಯಂತ್ರದಿಂದ ಅಳಿಸುವಷ್ಟು ಗಂಭೀರವಾದ ಪ್ರಕ್ರಿಯೆಯನ್ನು ‘ಅಣಕು ಮತದಾನ’ ಎನ್ನುವುದು ಮತಗಟ್ಟೆ ಸಿಬ್ಬಂದಿಯ ಶ್ರಮಕ್ಕೆ ತಕ್ಕ ಮಾತಲ್ಲ. 2025ರ ಮೇ 7ರ ನಾಗರಿಕ ರಕ್ಷಣಾ ತಾಲೀಮಿನ ಸುದ್ದಿಯಲ್ಲೂ ಇದೇ ಪದ ಕಾಣಿಸಿಕೊಂಡಿತು. ಇಂಥ ಕಡೆ ‘ತಾಲೀಮು’, ‘ಪರೀಕ್ಷಾರ್ಥ ಮತದಾನ’ ಎಂದು ಬಳಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕಿ, ಧಾರವಾಡ